ಶಾಲೆಯ ಗೇಟಿನಿಂದ ಶುರುಮಾಡಿ: ಶಿರಸಿ, ಕಾರವಾರದಂತಹ ಊರುಗಳಲ್ಲಿ ವಾಹನದ ಹೊಗೆ ತಗ್ಗಿಸುವ ಕ್ರಮ

ಡಿಸೆಂಬರ್ ತಿಂಗಳಿನಲ್ಲಿ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಶಿರಸಿಯ ಯಾವುದಾದರೂ ದೊಡ್ಡ ಶಾಲೆಯ ಗೇಟಿನ ಎದುರು ಹತ್ತು ನಿಮಿಷ ನಿಂತರೆ ನಾನು ಇಲ್ಲಿ ಹೇಳಹೊರಟಿರುವುದೆಲ್ಲ ಕಣ್ಣಿಗೇ ಕಾಣುತ್ತದೆ. ಇಬ್ಬನಿ ಇನ್ನೂ ಪೂರ್ತಿ ಆರಿರುವುದಿಲ್ಲ, ಗಾಳಿ ಅಲುಗುತ್ತಿರುವುದಿಲ್ಲ. ಮಕ್ಕಳನ್ನು ಇಳಿಸಲು ಬಂದ ಬೈಕು, ಆಟೊ, ಕಾರುಗಳು ಎಂಜಿನ್ ನಿಲ್ಲಿಸದೆ ಸಾಲಾಗಿ ನಿಂತಿರುತ್ತವೆ. ಮಳೆಗಾಲಕ್ಕೆ ಮುಂಚೆ ಗಟಾರದಿಂದ ಎತ್ತಿ ರಸ್ತೆಯಂಚಿಗೆ ಸುರಿದ ಹೂಳು ಈಗ ಕೆಂಪು ಹುಡಿಯಾಗಿ, ಪ್ರತಿ ಚಕ್ರಕ್ಕೂ ಮೇಲೇಳುತ್ತಿರುತ್ತದೆ. ಒಂದನೆಯ ತರಗತಿಯ ಮಗುವಿನ ಮೂಗು ನೆಲದಿಂದ ಮೂರು ಅಡಿಯ ಆಸುಪಾಸಿನಲ್ಲಿದ್ದರೆ, ಕಾರಿನ ಹೊಗೆ ಕೊಳವೆ ಒಂದು ಅಡಿಯಲ್ಲಿದೆ. ದೊಡ್ಡವರ ತಲೆ ತಲುಪುವಷ್ಟರಲ್ಲಿ ತುಸು ಚದುರುವ ಹೊಗೆಯನ್ನು ಮಗು ಹಸಿಯಾಗಿಯೇ ಉಸಿರಾಡುತ್ತದೆ.

ಇದನ್ನು ಸರಿಪಡಿಸಲು ದೊಡ್ಡ ನಗರಗಳ ಯೋಜನೆ ನಮ್ಮಲ್ಲಿಗೂ ಬರಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಕೇಂದ್ರ ಸರ್ಕಾರ 2019ರ ಜನವರಿಯಲ್ಲಿ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ದೇಶದ 130 ನಗರಗಳಿದ್ದು, ಕರ್ನಾಟಕದಿಂದ ಅದರಲ್ಲಿ ಸೇರಿರುವುದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಮತ್ತು ಕಲಬುರಗಿ ಮಾತ್ರ. ಹದಿನೈದನೆಯ ಹಣಕಾಸು ಆಯೋಗ ಗಾಳಿಯ ಗುಣಮಟ್ಟಕ್ಕೆಂದೇ ತೆಗೆದಿರಿಸಿದ ಅನುದಾನ ಹತ್ತು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಸೀಮಿತವಾಗಿತ್ತು. 2023ರ ಪ್ರಧಾನಮಂತ್ರಿ ಇ-ಬಸ್ ಸೇವಾ ಯೋಜನೆಯೂ ಮುಖ್ಯವಾಗಿ ಮೂರು ಲಕ್ಷಕ್ಕೂ ಹೆಚ್ಚು ಜನರಿರುವ ನಗರಗಳನ್ನೇ ಗುರಿಯಾಗಿಟ್ಟುಕೊಂಡಿತು. ಶಿರಸಿಯಾಗಲಿ ಕಾರವಾರವಾಗಲಿ ಒಂದು ಲಕ್ಷವನ್ನೂ ಮುಟ್ಟದ ಊರುಗಳು. ಆದರೆ ಸಣ್ಣ ಊರಿನಲ್ಲಿ ತೊಂದರೆ ನಾಲ್ಕಾರು ಜಾಗಗಳಲ್ಲಿ, ದಿನದ ಎರಡು ಮೂರು ಗಂಟೆಗಳಲ್ಲಿ ಒತ್ತಾಗಿರುತ್ತದೆ. ಆ ಜಾಗ ಮತ್ತು ಆ ಗಂಟೆಗಳನ್ನು ಹಿಡಿದು ಕೆಲಸ ಮಾಡಿದರೆ ಕೋಟಿಗಟ್ಟಲೆ ಹಣವಿಲ್ಲದೆಯೂ ಮಕ್ಕಳ, ವೃದ್ಧರ, ಬೀದಿಬದಿ ವ್ಯಾಪಾರಿಗಳ, ಪೌರಕಾರ್ಮಿಕರ ಉಸಿರಿಗೆ ಸೇರುವ ಹೊಗೆಯನ್ನು ಕಡಿಮೆ ಮಾಡಬಹುದು. ವಾರ್ಡಿನ ನಿವಾಸಿಗಳು, ಶಾಲೆಯ ಪಾಲಕರು, ನಗರಸಭೆಯ ಸದಸ್ಯರು ಈ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬಹುದು ಎಂಬುದನ್ನು ಮುಂದೆ ವಿವರಿಸಿದ್ದೇನೆ.

ಮೊದಲು ಊರಿನ ಗಾಳಿಯ ನಡೆ ತಿಳಿಯಿರಿ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೇ ಗಾಳಿಯನ್ನು ತೊಳೆಯುತ್ತದೆ. ಆ ನಾಲ್ಕು ತಿಂಗಳಿನಲ್ಲಿ ಅಳತೆ ಮಾಡಿ ಎಲ್ಲವೂ ಚೆನ್ನಾಗಿದೆ ಎಂದು ತೀರ್ಮಾನಿಸಬಾರದು. ನವೆಂಬರ್‌ನಿಂದ ಮಾರ್ಚ್‌ವರೆಗಿನ ಕಾಲವೇ ಪರೀಕ್ಷೆಯ ಕಾಲ. ಘಟ್ಟದ ಮೇಲಿನ ಶಿರಸಿಯಲ್ಲಿ ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗಿ, ತಂಪಾದ ಗಾಳಿ ಕೆಳಗೆ ಕೂತು, ಅದರ ಮೇಲೆ ಬೆಚ್ಚನೆಯ ಪದರ ಮುಚ್ಚಳದಂತೆ ನಿಲ್ಲುತ್ತದೆ. ಬಿಸಿಲು ಏರುವವರೆಗೆ ಹೊಗೆ ಮೇಲೆ ಹೋಗಲಾರದು, ಶಾಲೆ ಕಚೇರಿಗಳ ಹೊತ್ತೂ ಅದೇ ಆಗಿರುತ್ತದೆ. ಕಾರವಾರ, ಕುಮಟಾ, ಹೊನ್ನಾವರಗಳಲ್ಲಿ ಹಗಲು ಕಡಲಿನಿಂದ ನೆಲದತ್ತ ಬೀಸುವ ಗಾಳಿ ಮಧ್ಯಾಹ್ನದ ಹೊಗೆಯನ್ನು ಚದುರಿಸುತ್ತದೆ. ಸಂಜೆ ಕತ್ತಲಾದ ಮೇಲೆ ದಿಕ್ಕು ಬದಲಾಗುವಾಗ ನಡುವೆ ಗಾಳಿ ಸತ್ತಂತಾಗುವ ಹೊತ್ತೊಂದಿದೆ, ಬೆಳಗಿನಲ್ಲಿಯೂ ಹಾಗೆಯೇ. ಆದ್ದರಿಂದ ಕರಾವಳಿಯವರು ಮಧ್ಯಾಹ್ನ ಮೂರು ಗಂಟೆಗೆ ಅಳೆದು ಸಮಾಧಾನಪಟ್ಟುಕೊಂಡರೆ ಆಗದು, ಬೆಳಿಗ್ಗೆ ಎಂಟರಿಂದ ಹತ್ತು ಮತ್ತು ಸಂಜೆ ಆರರಿಂದ ಎಂಟರ ನಡುವೆ ನೋಡಬೇಕು.

ಎಣಿಕೆ: ಎಲ್ಲಕ್ಕಿಂತ ಬೆಲೆಬಾಳುವ ಕೆಲಸ

ಗಾಳಿ ಅಳೆಯುವ ಯಂತ್ರಕ್ಕಿಂತ ಮೊದಲು ಬೇಕಾದದ್ದು ವಾಹನಗಳ ಎಣಿಕೆ. ಯಂತ್ರ ಹೊಗೆ ಎಷ್ಟಿದೆ ಎಂದು ಮಾತ್ರ ಹೇಳುತ್ತದೆ, ಯಾವ ವಾಹನ ಯಾಕೆ ನಿಂತಿತ್ತು, ಅದರಲ್ಲಿ ಎಷ್ಟು ಜನರಿದ್ದರು ಎಂಬುದು ಎಣಿಕೆಯಿಂದಲೇ ತಿಳಿಯಬೇಕು. ಕಚೇರಿಗಳಲ್ಲಿ ಉತ್ತರ ಸಿಗುವುದೂ ಈ ಎರಡನೆಯ ಬಗೆಯ ಮಾಹಿತಿಗೆ.

ಒಂದೇ ಜಾಗ ಆರಿಸಿ. ಶಾಲೆಯ ಗೇಟು, ಬಸ್ ನಿಲ್ದಾಣದ ಹೊರಬಾಗಿಲು, ಮಾರುಕಟ್ಟೆಯ ತಿರುವು, ಶಿರಸಿಯಲ್ಲಾದರೆ ಐದು ರಸ್ತೆ ವೃತ್ತ, ಹೊನ್ನಾವರ ಕುಮಟಾಗಳಲ್ಲಾದರೆ ಊರ ನಡುವೆ ಹಾಯುವ ರಾಷ್ಟ್ರೀಯ ಹೆದ್ದಾರಿ 66ನ್ನು ಜನ ದಾಟುವ ಜಾಗ, ಹೀಗೆ ಹೆಚ್ಚು ಜನ ಹೆಚ್ಚು ಹೊತ್ತು ಹೊಗೆಯಲ್ಲಿ ನಿಲ್ಲಬೇಕಾದ ಸ್ಥಳ ಅದಾಗಿರಲಿ. ನಾಲ್ವರು ಕಾಲೇಜು ವಿದ್ಯಾರ್ಥಿಗಳು, ರಟ್ಟಿನ ಹಲಗೆಗೆ ಸಿಕ್ಕಿಸಿದ ಒಂದೊಂದು ಹಾಳೆ, ಒಂದೊಂದು ಪೆನ್ಸಿಲ್ ಇದ್ದರೆ ಸಾಕು. ಪೆನ್ನು ಬೇಡ, ಇಬ್ಬನಿಯಲ್ಲಿ ಹಾಳೆ ಹಸಿಯಾದರೆ ಶಾಯಿ ಹರಡುತ್ತದೆ. ಹಾಳೆಯಲ್ಲಿ ನಡೆದು ಬಂದವರು, ಸೈಕಲ್, ದ್ವಿಚಕ್ರ, ಆಟೊ, ಕಾರು, ಟೆಂಪೋ ಮತ್ತು ಶಾಲಾ ವ್ಯಾನ್, ಬಸ್ಸು, ಲಾರಿ ಮತ್ತು ಟಿಪ್ಪರ್ ಎಂದು ಎಂಟು ಕಂಬಸಾಲುಗಳನ್ನು ಹಾಕಿ, ಹದಿನೈದು ನಿಮಿಷಕ್ಕೊಂದು ಅಡ್ಡಸಾಲು ಎಳೆಯಿರಿ. ನಾಲ್ಕು ಗೀಟು, ಐದನೆಯದಕ್ಕೆ ಅಡ್ಡಗೀಟು ಹಾಕುವ ಹಳೆಯ ಪದ್ಧತಿಯೇ ಒಳ್ಳೆಯದು. ಮೊಬೈಲಿನಲ್ಲಿ ಒತ್ತುತ್ತ ಕೂತರೆ ಕಣ್ಣು ರಸ್ತೆಯಿಂದ ಕದಲಿ ವಾಹನ ತಪ್ಪಿಹೋಗುತ್ತದೆ.

ಇಬ್ಬರು ವಾಹನಗಳನ್ನು ಎಣಿಸಲಿ, ಮೂರನೆಯವರು ಪ್ರತಿ ಹತ್ತನೆಯ ವಾಹನದಲ್ಲಿ ಎಷ್ಟು ಜನರಿದ್ದಾರೆ ಎಂದು ಬರೆಯಲಿ. ನಾಲ್ಕನೆಯವರ ಕೆಲಸ ಎಲ್ಲಕ್ಕಿಂತ ಮುಖ್ಯ: ನಿಂತ ವಾಹನಗಳ ಪೈಕಿ ಎಂಜಿನ್ ಆರಿಸದೆ ನಿಂತವು ಯಾವುವು, ಎಷ್ಟು ನಿಮಿಷ ನಿಂತವು ಎಂದು ಗಡಿಯಾರ ನೋಡಿ ಗುರುತಿಸುವುದು. ಸಾಮಾನ್ಯ ದಿನಗಳು ಎರಡು, ಸಂತೆಯ ದಿನ ಒಂದು, ಭಾನುವಾರ ಒಂದು, ಹೀಗೆ ನಾಲ್ಕು ದಿನ ಎಣಿಸಿದರೆ ಊರಿನ ಚಿತ್ರ ಬಹುಮಟ್ಟಿಗೆ ಮೂಡುತ್ತದೆ. ವಾಹನದ ನೋಂದಣಿ ಸಂಖ್ಯೆಯನ್ನು ಪೂರ್ತಿ ಬರೆಯುವುದು ಬೇಡ, ಅದರಿಂದ ಜಗಳ ಹುಟ್ಟುತ್ತದೆ. ಆದರೆ ಮೊದಲ ಎರಡು ಅಂಕಿಗಳನ್ನು ಗುರುತಿಸಿಕೊಂಡರೆ 30 ಕಾರವಾರದ್ದು, 31 ಶಿರಸಿಯದು, 47 ಹೊನ್ನಾವರದ್ದು, 65 ದಾಂಡೇಲಿಯದು ಎಂದು ವಿಂಗಡಿಸಿ, ಊರಿನ ವಾಹನ ಎಷ್ಟು, ಹಾದುಹೋಗುವ ವಾಹನ ಎಷ್ಟು ಎಂದು ಸುಮಾರಾಗಿ ತಿಳಿಯಬಹುದು. ಹಾದುಹೋಗುವ ಲಾರಿಗಳೇ ಹೆಚ್ಚೆಂದು ಕಂಡರೆ ಪಾಲಕರಿಗೆ ಎಷ್ಟು ತಿಳಿಹೇಳಿದರೂ ಪ್ರಯೋಜನವಿಲ್ಲ, ಸರಕು ವಾಹನಗಳ ವೇಳೆ ಬದಲಿಸುವುದೇ ಅದಕ್ಕೆ ಉಪಾಯ.

ಎಣಿಕೆ ಮುಗಿದ ದಿನವೇ ಹಾಳೆಗಳ ಫೋಟೊ ತೆಗೆದಿಟ್ಟುಕೊಳ್ಳಿ, ನಿಂತ ಜಾಗವನ್ನೂ ಅಂಗಡಿಯ ಮೆಟ್ಟಿಲು ಅಥವಾ ವಿದ್ಯುತ್ ಕಂಬದ ಸಂಖ್ಯೆಯ ಗುರುತಿನೊಂದಿಗೆ ಬರೆದಿಡಿ. ಮುಂದಿನ ವರ್ಷ ಅದೇ ಜಾಗದಲ್ಲಿ ನಿಂತು ಎಣಿಸದಿದ್ದರೆ ಹೋಲಿಕೆಗೆ ಆಧಾರವಿರುವುದಿಲ್ಲ.

ಅಳತೆಯ ಯಂತ್ರದ ಬಗ್ಗೆ

ಕೆಲವು ಸಾವಿರ ರೂಪಾಯಿಗೆ ಸಿಗುವ, ಕೈಯಲ್ಲಿ ಹಿಡಿಯುವ ಯಂತ್ರಗಳು ಗಾಳಿಯಲ್ಲಿರುವ ಕಣಗಳಿಗೆ ಬೆಳಕು ತಾಗಿ ಚದುರುವುದನ್ನು ನೋಡಿ ಲೆಕ್ಕ ಹೇಳುತ್ತವೆ. ನಮ್ಮ ಕರಾವಳಿಯ ತೇವದಲ್ಲಿ ಅವುಗಳನ್ನು ಹಾಗೆಯೇ ನಂಬುವಂತಿಲ್ಲ. ಗಾಳಿಯಲ್ಲಿ ತೇವಾಂಶ ಹೆಚ್ಚಿದಾಗ ಉಪ್ಪಿನ ಕಣವೂ ಹೊಗೆಯ ಕಣವೂ ನೀರು ಹೀರಿ ಊದಿಕೊಳ್ಳುತ್ತವೆ, ಯಂತ್ರ ಅದನ್ನೇ ಹೆಚ್ಚಿನ ಮಾಲಿನ್ಯವೆಂದು ತೋರಿಸುತ್ತದೆ. ಮಂಜಿನ ಬೆಳಗಿನಲ್ಲಿ ಘಟ್ಟದ ಮೇಲೂ ಇದೇ ಕತೆ. ಹಾಗಾಗಿ ಇಂತಹ ಯಂತ್ರವನ್ನು ಎರಡು ಜಾಗಗಳ ಹೋಲಿಕೆಗೆ ಮಾತ್ರ ಬಳಸಿ. ಶಾಲೆಯ ಗೇಟಿನಲ್ಲಿ ಒಂದು, ನೂರೈವತ್ತು ಮೀಟರ್ ಒಳಗಿನ ಮೈದಾನದ ಮರದಡಿ ಇನ್ನೊಂದನ್ನು ಒಂದೇ ಹೊತ್ತಿಗೆ ಇಟ್ಟರೆ ತೇವ ಎರಡಕ್ಕೂ ಸಮ. ಎರಡರ ನಡುವಿನ ಅಂತರದಲ್ಲಿ ರಸ್ತೆಯ ಪಾಲು ಕಾಣುತ್ತದೆ. ಹೀಗೆ ಇಡುವುದಕ್ಕೆ ಮೊದಲು ಎರಡೂ ಯಂತ್ರಗಳನ್ನು ಒಂದು ದಿನ ಪಕ್ಕಪಕ್ಕದಲ್ಲಿಟ್ಟು ಒಂದೇ ಅಂಕಿ ತೋರಿಸುತ್ತವೆಯೇ ಎಂದು ಪರೀಕ್ಷಿಸಿಕೊಳ್ಳಿ.

ಅಂಕಿಗಳನ್ನು ಹೋಲಿಸಲು ಆಧಾರ ಇದು. 2.5 ಮೈಕ್ರಾನಿಗಿಂತ ಸಣ್ಣ ಕಣಗಳು, ಎಂದರೆ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಭಾಗದಷ್ಟಿರುವವು, 24 ಗಂಟೆಯ ಸರಾಸರಿಯಲ್ಲಿ ಘನಮೀಟರಿಗೆ 60 ಮೈಕ್ರೊಗ್ರಾಂ, ವರ್ಷದ ಸರಾಸರಿಯಲ್ಲಿ 40 ಮೀರಬಾರದೆಂದು ನಮ್ಮ ದೇಶದ 2009ರ ಮಾನದಂಡ ಹೇಳುತ್ತದೆ. 10 ಮೈಕ್ರಾನಿನವರೆಗಿನ ಕಣಗಳಿಗೆ ಈ ಮಿತಿ ಕ್ರಮವಾಗಿ 100 ಮತ್ತು 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸಣ್ಣ ಕಣಗಳ ವಾರ್ಷಿಕ ಮಿತಿಯನ್ನು 5ಕ್ಕೆ ಇಳಿಸಿತು. ನಮ್ಮ ಮಾನದಂಡದೊಳಗೆ ಇದ್ದೇವೆ ಎಂಬುದು ನಿರಾತಂಕವಾಗಿರಲು ಸಾಕಾಗದು ಎಂಬುದಕ್ಕೆ 40 ಮತ್ತು 5ರ ನಡುವಿನ ಅಂತರವೇ ಸಾಕ್ಷಿ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ಅದೇ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿಯೇ ಖಚಿತವಾಗಿ ವರ್ಗೀಕರಿಸಿದೆ.

ಧೂಳು, ಹೊಗೆ, ಇಂಗಾಲ: ಮೂರನ್ನೂ ಬೇರೆ ಬೇರೆ ಇಡಿ

ಸಾಮಾನ್ಯವಾಗಿ ಆಗುವ ತಪ್ಪು ಇದು. ರಸ್ತೆಯ ಧೂಳು ಎದ್ದರೆ ಅದಕ್ಕೆ ಬೇಕಾದದ್ದು ಅಂಚು ಕಟ್ಟುವುದು, ಹೂಳು ಸಾಗಿಸುವುದು, ಹೊಂಡ ಮುಚ್ಚುವುದು. ವಿದ್ಯುತ್ ವಾಹನ ಬಂದ ಮಾತ್ರಕ್ಕೆ ಧೂಳು ಹೋಗುವುದಿಲ್ಲ, ಚಕ್ರ ಅದಕ್ಕೂ ಇದೆ. ಹೊಗೆ ಹೆಚ್ಚಿದ್ದರೆ ಹಳೆಯ ಎಂಜಿನ್, ನಿಂತಲ್ಲೇ ಓಡುವ ಎಂಜಿನ್, ಭಾರ ಮೀರಿದ ಲಾರಿ ಇವುಗಳನ್ನು ನೋಡಬೇಕು. ವಾತಾವರಣವನ್ನು ಬಿಸಿಯಾಗಿಸುವ ಇಂಗಾಲದ ಡೈಆಕ್ಸೈಡ್ ಮಾತ್ರ ಸುಟ್ಟ ಇಂಧನಕ್ಕೆ ನೇರ ಅನುಪಾತದಲ್ಲಿರುತ್ತದೆ: ಒಂದು ಲೀಟರ್ ಪೆಟ್ರೋಲಿಗೆ ಸುಮಾರು 2.3 ಕಿಲೋ, ಒಂದು ಲೀಟರ್ ಡೀಸೆಲಿಗೆ ಸುಮಾರು 2.7 ಕಿಲೋ.

ಈ ಎರಡು ಅಂಕಿಗಳಿಂದ ಯಾರು ಬೇಕಾದರೂ ಲೆಕ್ಕ ಹಾಕಬಹುದು. ಲೀಟರಿಗೆ 15 ಕಿ.ಮೀ. ಓಡುವ ಕಾರಿನಲ್ಲಿ ಒಬ್ಬರೇ ಹೋದರೆ ಕಿಲೋಮೀಟರಿಗೆ 150 ಗ್ರಾಂ ದಾಟುತ್ತದೆ. ಲೀಟರಿಗೆ 50 ಕಿ.ಮೀ. ಕೊಡುವ ಬೈಕಿನಲ್ಲಿ ಒಬ್ಬರಿಗೆ 46 ಗ್ರಾಂ, ಇಬ್ಬರಾದರೆ ತಲೆಗೆ 23. ಡೀಸೆಲ್ ಬಸ್ಸು ಲೀಟರಿಗೆ ನಾಲ್ಕೂವರೆ ಕಿ.ಮೀ. ಓಡುತ್ತದೆ ಎಂದು ಹಿಡಿದರೆ ಕಿಲೋಮೀಟರಿಗೆ 600 ಗ್ರಾಂ ಆಗುತ್ತದೆ. ನಲವತ್ತು ಜನ ಕೂತರೆ ತಲೆಗೆ 15 ಗ್ರಾಂ, ಆರೇ ಜನರಿದ್ದರೆ ತಲೆಗೆ 100 ಗ್ರಾಂ. ಖಾಲಿ ಬಸ್ಸು ಬೈಕಿಗಿಂತ ಕೆಟ್ಟದ್ದು, ತುಂಬಿದ ಬಸ್ಸು ಎಲ್ಲಕ್ಕಿಂತ ಒಳ್ಳೆಯದು. ಬಸ್ಸುಗಳ ಸಂಖ್ಯೆ ಹೆಚ್ಚಿಸಿ ಎಂದಷ್ಟೇ ಬೇಡಿಕೆ ಇಡುವುದಕ್ಕಿಂತ ಇಂಥ ಹಳ್ಳಿಯಿಂದ ಇಷ್ಟು ಗಂಟೆಗೆ ಬಸ್ಸು ಬರಲಿ ಎಂದು ಕೇಳುವುದು ಏಕೆ ಮುಖ್ಯ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಿಂತಲ್ಲೇ ಓಡುವ ಎಂಜಿನ್ನಿನ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ದೊಡ್ಡ ಡೀಸೆಲ್ ಎಂಜಿನ್ ಸುಮ್ಮನೆ ಓಡಿದರೂ ಗಂಟೆಗೆ ಎರಡರಿಂದ ಮೂರು ಲೀಟರ್ ಕುಡಿಯುತ್ತದೆ. ಒಂದು ನಿಲ್ದಾಣದಲ್ಲಿ ದಿನಕ್ಕೆ ನೂರು ಬಸ್ಸುಗಳು ಹತ್ತು ಹತ್ತು ನಿಮಿಷ ಹಾಗೆ ನಿಂತವು ಎಂದುಕೊಂಡರೆ ಸುಮಾರು ನಲವತ್ತು ಲೀಟರ್ ಡೀಸೆಲ್, ನೂರು ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್, ಜೊತೆಗೆ ಬೆಂಚಿನ ಮೇಲೆ ಕೂತವರ ಎದೆಗೆ ಇಳಿದ ಮಸಿ. ಸಾರಿಗೆ ಸಂಸ್ಥೆಗೆ ಹಣ ಉಳಿಯುವ ಕೆಲಸವೂ ಇದೇ ಆದ್ದರಿಂದ ಅಧಿಕಾರಿಗಳು ಈ ಮಾತನ್ನು ಬೇಗ ಕಿವಿಗೆ ಹಾಕಿಕೊಳ್ಳುತ್ತಾರೆ.

ಯಾವ ಅಧಿಕಾರ ಯಾರ ಕೈಯಲ್ಲಿದೆ

ನಾವು ಮೊದಲ ಸಲ ಬರೆದ ಮನವಿಯಲ್ಲಿ ಬಸ್ಸು, ಲಾರಿ, ಧೂಳು, ಕಸ ಸುಡುವುದು ಎಲ್ಲವೂ ಒಂದೇ ಕಾಗದದಲ್ಲಿದ್ದವು. ಅದು ಒಂದು ಕಚೇರಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸಾಗಿ, ಐದು ತಿಂಗಳ ಬಳಿಕ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಒಂದು ಸಾಲಿನ ಹಿಂಬರಹದೊಂದಿಗೆ ಮರಳಿತು. ಆ ಐದು ತಿಂಗಳಲ್ಲಿ ಚಳಿಗಾಲವೇ ಕಳೆದುಹೋಗಿತ್ತು. ಅಂದಿನಿಂದ ಒಂದು ಕಾಗದಕ್ಕೆ ಒಂದೇ ಬೇಡಿಕೆ, ಅದೂ ಅಧಿಕಾರ ಇರುವವರಿಗೇ ಎಂಬ ನಿಯಮ ಮಾಡಿಕೊಂಡಿದ್ದೇವೆ.

ಸರಕು ವಾಹನಗಳು ಊರೊಳಗೆ ಬರುವ ವೇಳೆಯನ್ನು ನಿರ್ಬಂಧಿಸುವ, ಒಂದು ರಸ್ತೆಯಲ್ಲಿ ಭಾರಿ ವಾಹನ ನಿಷೇಧಿಸುವ ಅಧಿಸೂಚನೆಯನ್ನು ಮೋಟಾರು ವಾಹನ ಕಾಯ್ದೆ 1988ರ 115ನೆಯ ಕಲಮಿನ ಅಡಿಯಲ್ಲಿ ಜಿಲ್ಲಾಧಿಕಾರಿಗಳು ಹೊರಡಿಸುತ್ತಾರೆ. ಘಟ್ಟದ ರಸ್ತೆಗಳಲ್ಲಿ ಮಳೆಗಾಲದ ಸಂಚಾರ ನಿರ್ಬಂಧಗಳಿಗೂ ಇದೇ ಕಲಮನ್ನು ಬಳಸುವುದರಿಂದ ನಮ್ಮ ಜಿಲ್ಲಾಡಳಿತಕ್ಕೆ ಇದು ಹೊಸದಲ್ಲ. ವಾಹನ ನಿಲುಗಡೆಯ ಜಾಗ ಗೊತ್ತುಪಡಿಸುವುದು 117ನೆಯ ಕಲಮಿನ ವಿಷಯ. ಬಸ್ಸು, ಟೆಂಪೋಗಳ ಪರವಾನಗಿ ಮತ್ತು ಮಾರ್ಗ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಕೈಯಲ್ಲಿದ್ದು, ಅದಕ್ಕೂ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಸರ್ಕಾರಿ ಬಸ್ಸಿನ ವೇಳಾಪಟ್ಟಿಗೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಶಿರಸಿಯಲ್ಲಿರುವ ಉತ್ತರ ಕನ್ನಡ ವಿಭಾಗದ ನಿಯಂತ್ರಣಾಧಿಕಾರಿಗಳಿಗೆ ಬರೆಯಬೇಕು. ಡಿಪೋ ವ್ಯವಸ್ಥಾಪಕರಿಗೆ ಪ್ರತಿ ಕೊಡುವುದನ್ನು ಮರೆಯಬಾರದು, ಯಾವ ಬಸ್ಸು ಯಾಕೆ ತಡವಾಗುತ್ತದೆ ಎಂದು ಬಲ್ಲವರು ಅವರೇ. ಊರೊಳಗಿನ ರಸ್ತೆ, ಗಟಾರ, ಪಾದಚಾರಿ ಮಾರ್ಗ, ಕಸ ಸುಡುವುದು ನಗರಸಭೆಗೆ ಸೇರಿದವು. ಹೆದ್ದಾರಿ ಮತ್ತು ಲೋಕೋಪಯೋಗಿ ರಸ್ತೆಗಳ ಅಂಚಿಗೆ ಆಯಾ ಇಲಾಖೆ ಹೊಣೆ. ಕಲ್ಲುಪುಡಿ ಮಾಡುವ ಘಟಕ, ಡಾಂಬರು ಮಿಶ್ರಣ ಘಟಕಗಳ ಹೊಗೆ ಧೂಳಿಗೆ ವಾಯು ಮಾಲಿನ್ಯ ತಡೆ ಕಾಯ್ದೆ 1981ರ ಅಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಬೇಕು.

ರಸ್ತೆ ಯಾರದೆಂದೇ ತಿಳಿಯದಿದ್ದರೆ ಮಾಹಿತಿ ಹಕ್ಕು ಕಾಯ್ದೆ 2005ರ ಅಡಿ ಒಂದೇ ಪ್ರಶ್ನೆಯ ಅರ್ಜಿ ಹಾಕಿ. ಉತ್ತರಕ್ಕೆ 30 ದಿನಗಳ ಗಡುವು ಇದೆ.

ಏನನ್ನು ಕೇಳಬೇಕು

ನನ್ನ ಅಭಿಪ್ರಾಯದಲ್ಲಿ ಮೊದಲ ಸ್ಥಾನ ಬಸ್ಸಿನದು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ ದರದ ಅಡ್ಡಿ ಇಲ್ಲ, ಈಗಿನ ಅಡ್ಡಿ ವೇಳೆ ಮತ್ತು ಆಸನದ್ದು. ಬನವಾಸಿ, ಸಿದ್ದಾಪುರ, ಯಲ್ಲಾಪುರ ರಸ್ತೆಗಳ ಹಳ್ಳಿಗಳಿಂದ ಶಿರಸಿಯ ಶಾಲೆ ಕಾಲೇಜುಗಳಿಗೆ ಬರುವ ಮಕ್ಕಳಲ್ಲಿ ಎಷ್ಟು ಜನ ಬಸ್ಸು ತಪ್ಪಿದ್ದರಿಂದ ಬೈಕಿನಲ್ಲಿ ಬಂದರು ಎಂದು ಶಾಲೆಯಲ್ಲಿಯೇ ಕೇಳಿ ಪಟ್ಟಿ ಮಾಡಿ. ಹಳ್ಳಿಯ ಹೆಸರು, ಮಕ್ಕಳ ಸಂಖ್ಯೆ, ಈಗಿನ ಬಸ್ಸಿನ ವೇಳೆ, ಬೇಕಾದ ವೇಳೆ ಎಂಬ ನಾಲ್ಕು ಕಾಲಮಿನ ಒಂದು ಪುಟ, ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಹೋದರೆ, ಹತ್ತು ಪುಟಗಳ ಮನವಿ ಮಾಡಲಾರದ ಕೆಲಸವನ್ನು ಮಾಡುತ್ತದೆ. ಎಷ್ಟೋ ಸಲ ಹೊಸ ಬಸ್ಸು ಬೇಕಾಗುವುದಿಲ್ಲ, ಇರುವ ಬಸ್ಸು ಇಪ್ಪತ್ತು ನಿಮಿಷ ಮೊದಲು ಹೊರಟರೆ ಸಾಕಾಗುತ್ತದೆ. ಕಾರವಾರದವರು ಇದೇ ರೀತಿ ಶಿರವಾಡದ ರೈಲು ನಿಲ್ದಾಣದ ಕಡೆಗೆ ಗಮನ ಹರಿಸಬೇಕು. ಕೊಂಕಣ ರೈಲು ಮಾರ್ಗ 2022ರಲ್ಲಿ ಪೂರ್ತಿ ವಿದ್ಯುದೀಕರಣಗೊಂಡು ಡೀಸೆಲ್ ಎಂಜಿನ್ನಿನ ಅವಲಂಬನೆ ತಗ್ಗಿದೆ. ಆದರೆ ರೈಲಿಳಿದವರು ಊರು ಸೇರಲು ಒಬ್ಬೊಬ್ಬರು ಒಂದೊಂದು ಆಟೊ ಹಿಡಿಯಬೇಕಾದರೆ ಆ ಲಾಭದಲ್ಲಿ ಒಂದಿಷ್ಟು ರಸ್ತೆಯಲ್ಲೇ ಕರಗಿಹೋಗುತ್ತದೆ. ಮುಖ್ಯ ರೈಲುಗಳ ವೇಳೆಗೆ ಹೊಂದಿದ ಬಸ್ಸು, ರೈಲು ತಡವಾದರೆ ಕಾಯುವ ಸೂಚನೆ, ನಿಲ್ದಾಣದಲ್ಲಿ ಹಂಚಿಕೊಂಡು ಹೋಗುವ ಆಟೊಗಳಿಗೆ ನಿಗದಿತ ದರದ ಫಲಕ, ಇವು ಮೂರೂ ಕೇಳಬಹುದಾದ, ಕೊಡಬಹುದಾದ ಸಂಗತಿಗಳು.

ಶಾಲೆಯ ಗೇಟಿನ ವಿಷಯದಲ್ಲಿ ನಾನು ಸಲಹೆ ಮಾಡುವುದು ಇಳಿಸುವ ಜಾಗವನ್ನು ಗೇಟಿನಿಂದ ನೂರು ನೂರೈವತ್ತು ಮೀಟರ್ ಆಚೆಗೆ ಸರಿಸುವುದನ್ನು. ಅಲ್ಲಿಂದ ಮಕ್ಕಳು ಗುಂಪಾಗಿ ನಡೆಯಲಿ, ಮೇಲಿನ ತರಗತಿಯ ಇಬ್ಬರು ಮಕ್ಕಳು, ಒಬ್ಬ ಪಾಲಕರು ಜೊತೆಗಿರಲಿ. ಇದಕ್ಕೆ ಯಾವ ಅಧಿಸೂಚನೆಯೂ ಬೇಡ, ಶಾಲಾ ಆಡಳಿತ ಮಂಡಳಿಯ ಒಂದು ಸುತ್ತೋಲೆ ಸಾಕು. ಆದರೆ ಆ ನೂರೈವತ್ತು ಮೀಟರ್ ನಡೆಯಲು ಯೋಗ್ಯವಾಗಿರಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಪಾದಚಾರಿ ಮಾರ್ಗದಲ್ಲಿ ಅಡ್ಡಿಯಿಲ್ಲದ ಕನಿಷ್ಠ 1.8 ಮೀಟರ್ ಅಗಲ ಇರಬೇಕೆನ್ನುತ್ತದೆ. ಟೇಪು ಹಿಡಿದು ಅಳೆಯಿರಿ. ಎಲ್ಲಿ ಗಟಾರದ ಚಪ್ಪಡಿ ಮುರಿದಿದೆ, ಎಲ್ಲಿ ವಿದ್ಯುತ್ ಪರಿವರ್ತಕ ಅಡ್ಡವಿದೆ, ಎಲ್ಲಿ ಬೈಕುಗಳು ಏರಿ ನಿಂತಿವೆ ಎಂದು ಗುರುತಿಸಿ ನಗರಸಭೆಗೆ ಕೊಡಿ. ಅಡ್ಡಿ ತೆಗೆಯುವ ಹೆಸರಿನಲ್ಲಿ ಬೀದಿಬದಿಯ ಹೂವಿನ, ತರಕಾರಿಯ ಹೆಂಗಸರನ್ನು ಎಬ್ಬಿಸುವಂತಾಗಬಾರದು. ಅವರಿಗೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ರಕ್ಷಣೆ ಇದೆ, ಪಟ್ಟಣ ವ್ಯಾಪಾರ ಸಮಿತಿಯ ಮೂಲಕವೇ ಜಾಗ ನಿಗದಿಯಾಗಬೇಕು. ಊರಿನ ಹೊಗೆಯನ್ನು ದಿನವಿಡೀ ಕುಡಿಯುವವರೂ ಅವರೇ ಎಂಬುದನ್ನು ಮರೆಯಬಾರದು.

ನಿಲುಗಡೆಗೆ ಶುಲ್ಕ ಎಂದೊಡನೆ ವ್ಯಾಪಾರಸ್ಥರು ವಿರೋಧಿಸುತ್ತಾರೆ. ಅಂಗಡಿಯ ಎದುರಿನ ಜಾಗದಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತಿರುವ ವಾಹನ ಗ್ರಾಹಕರದ್ದೋ, ಅಂಗಡಿಯವರದ್ದೋ ಎಂದು ಒಂದು ದಿನ ಎಣಿಸಿ ತೋರಿಸಿ. ಮೊದಲ ಅರ್ಧ ಗಂಟೆ ಉಚಿತ, ಆಮೇಲೆ ಶುಲ್ಕ ಎಂದರೆ ಗ್ರಾಹಕರಿಗೆ ಜಾಗ ಸಿಗುತ್ತದೆ, ಜಾಗ ಹುಡುಕುತ್ತ ಸುತ್ತುವ ವಾಹನಗಳೂ ಕಡಿಮೆಯಾಗುತ್ತವೆ. ಏಕಮುಖ ಸಂಚಾರದ ಬಗ್ಗೆ ಮಾತ್ರ ಎಚ್ಚರ ಬೇಕು. ದಟ್ಟಣೆ ತಗ್ಗಿದಂತೆ ಕಂಡರೂ ಪ್ರತಿ ವಾಹನ ಹೆಚ್ಚುವರಿ ಅರ್ಧ ಕಿಲೋಮೀಟರ್ ಸುತ್ತಬೇಕಾದರೆ ಒಟ್ಟು ಹೊಗೆ ಹೆಚ್ಚುತ್ತದೆ.

ಧೂಳಿಗೆ ಮೂರು ಸಣ್ಣ ಕೆಲಸಗಳು. ಗಟಾರದಿಂದ ತೆಗೆದ ಹೂಳನ್ನು 24 ಗಂಟೆಯೊಳಗೆ ಸಾಗಿಸಬೇಕೆಂದು ನಗರಸಭೆಯ ಗುತ್ತಿಗೆಯ ಷರತ್ತಿನಲ್ಲಿಯೇ ಬರೆಸುವುದು ಮೊದಲನೆಯದು. ಡಾಂಬರಿನ ಅಂಚಿಗೂ ಗಟಾರಕ್ಕೂ ನಡುವಿನ ಕೆಂಪು ಮಣ್ಣಿನ ಪಟ್ಟಿಗೆ ಕಲ್ಲು ಹಾಸುವುದು ಅಥವಾ ಹುಲ್ಲು ಬೆಳೆಸುವುದು ಎರಡನೆಯದು. ಎಂ-ಸ್ಯಾಂಡ್, ಜಲ್ಲಿ, ಮಣ್ಣು ಸಾಗಿಸುವ ಟಿಪ್ಪರುಗಳು ತಾಡಪತ್ರಿ ಹೊದಿಸಿಕೊಂಡೇ ಊರು ಹೊಗಬೇಕೆಂದು ಪೊಲೀಸರು ನೋಡಿಕೊಳ್ಳುವುದು ಮೂರನೆಯದು. ನೀರು ಚಿಮುಕಿಸುವುದರಿಂದ ಒಂದು ಗಂಟೆಯ ನೆಮ್ಮದಿ ಸಿಗುತ್ತದೆ, ಮಾರ್ಚ್‌ನಲ್ಲಿ ಕುಡಿಯುವ ನೀರಿಗೇ ಪರದಾಡುವ ವಾರ್ಡುಗಳಲ್ಲಿ ಅದನ್ನು ಕೇಳುವುದು ನ್ಯಾಯವಲ್ಲ. ಕಸ, ದರಕು (ಉದುರಿದ ಒಣ ಎಲೆ) ಸುಡುವುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಪರಿಹಾರ ವಸೂಲಿ ಮಾಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಆದೇಶಿಸಿದೆ. ತೋಟಕ್ಕೆ ದರಕು ಹೊತ್ತು ಗೊಬ್ಬರ ಮಾಡುವ ನಮ್ಮ ಸೀಮೆಯಲ್ಲಿ ಊರೊಳಗಿನ ಒಣ ಎಲೆಗೆ ಬೆಂಕಿ ಇಡಬೇಕಾದ ಕಾರಣವೇ ಇಲ್ಲ. ನಗರಸಭೆ ಚೀಲದಲ್ಲಿ ತುಂಬಿ ಕೊಟ್ಟರೆ ಒಯ್ಯುವ ರೈತರು ಸಿಗುತ್ತಾರೆ.

ಹೊಗೆ ತಪಾಸಣಾ ಪ್ರಮಾಣಪತ್ರದಿಂದ ಹೆಚ್ಚನ್ನು ನಿರೀಕ್ಷಿಸಬೇಡಿ. ಪೆಟ್ರೋಲ್ ವಾಹನದಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಸುಡದೆ ಉಳಿದ ಇಂಧನದ ಆವಿ, ಡೀಸೆಲ್‌ನಲ್ಲಿ ಹೊಗೆಯ ಕಪ್ಪನ್ನು ಮಾತ್ರ ಅದು ನೋಡುತ್ತದೆ, ಅತಿಸಣ್ಣ ಕಣಗಳನ್ನಾಗಲಿ ನೈಟ್ರೋಜನ್ ಆಕ್ಸೈಡುಗಳನ್ನಾಗಲಿ ಅಳೆಯುವುದಿಲ್ಲ. ಆದರೂ ಕಣ್ಣಿಗೇ ಕಾಣುವಂತೆ ಕಪ್ಪು ಉಗುಳುವ ಹಳೆಯ ಟೆಂಪೋ, ಲಾರಿಗಳನ್ನು ತಡೆಯಲು ಕೈಯಲ್ಲಿರುವ ಸಾಧನ ಅದೇ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಹೊಸ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ಮಾನದಂಡ ಬಂದು, ಇಂಧನದ ಗಂಧಕ ಹತ್ತು ಲಕ್ಷದಲ್ಲಿ 50 ಭಾಗದಿಂದ 10 ಭಾಗಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ಬಸ್ಸುಗಳನ್ನು ಶಾಲೆ ಮಾರುಕಟ್ಟೆಗಳ ಮಾರ್ಗಕ್ಕೆ ಬಿಡದೆ, ಹೊಸ ಬಸ್ಸುಗಳನ್ನು ಊರೊಳಗಿನ ಮಾರ್ಗಗಳಿಗೆ ಹಾಕಿರೆಂದು ಕೇಳುವುದಕ್ಕೆ ಖರ್ಚೇನೂ ಇಲ್ಲ.

ವಿದ್ಯುತ್ ಆಟೊಗಳ ವಿಷಯದಲ್ಲಿ ನಾನು ಆಶಾವಾದಿ. ಕರ್ನಾಟಕ 2017ರಲ್ಲಿಯೇ ವಿದ್ಯುತ್ ವಾಹನ ನೀತಿ ರೂಪಿಸಿದ ಮೊದಲ ರಾಜ್ಯ. ಕೈಗಾ ಅಣುವಿದ್ಯುತ್ ಕೇಂದ್ರದ ನಾಲ್ಕು ಘಟಕಗಳ 880 ಮೆಗಾವ್ಯಾಟ್, ಕಾಳಿ ಕಣಿವೆಯ ಜಲವಿದ್ಯುತ್ತು ನಮ್ಮ ಜಿಲ್ಲೆಯಿಂದಲೇ ಹೊರಡುತ್ತವೆ. ಈ ಯೋಜನೆಗಳಿಗಾಗಿ ಕಾಡು, ಮನೆ, ಹೊಲ ಕಳೆದುಕೊಂಡ ಜಿಲ್ಲೆಯ ಆಟೊ ನಿಲ್ದಾಣಗಳಿಗೆ ಒಂದೊಂದು ಚಾರ್ಜಿಂಗ್ ಕೇಂದ್ರ ಕೇಳುವುದು ದೊಡ್ಡ ಬೇಡಿಕೆಯಲ್ಲ. ದಿನಕ್ಕೆ ನೂರು ಕಿಲೋಮೀಟರಿನ ಆಸುಪಾಸು ಊರೊಳಗೇ ಓಡುವ ಆಟೊಗಳಿಂದ ಆರಂಭಿಸುವುದು ಲೇಸು.

ಲಂಡನ್ನಿನಲ್ಲಿ 2019ರಿಂದ ಹಳೆಯ ವಾಹನಗಳಿಗೆ ಶುಲ್ಕ ವಿಧಿಸುವ ವಲಯವಿದೆ. ಸ್ಟಾಕ್‌ಹೋಮ್ 2006ರಲ್ಲಿ ಪ್ರಯೋಗಕ್ಕೆಂದು ದಟ್ಟಣೆ ಶುಲ್ಕ ಹಾಕಿ, ವಾಹನಗಳು ಐದರಲ್ಲೊಂದು ಪಾಲು ತಗ್ಗಿದ್ದನ್ನು ಜನರಿಗೆ ತೋರಿಸಿ, ಮರುವರ್ಷ ಅದನ್ನು ಕಾಯಂ ಮಾಡಿತು. ಶುಲ್ಕವನ್ನು ನಾವು ಅನುಕರಿಸಬೇಕಿಲ್ಲ, ಮೊದಲು ಕೆಲವು ತಿಂಗಳು ಮಾಡಿ ತೋರಿಸಿ ಆಮೇಲೆ ಜನರನ್ನು ಕೇಳುವ ಕ್ರಮವನ್ನು ಅನುಕರಿಸಬಹುದು. ಅಂತಹ ಪ್ರಯೋಗ ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ತಾನಾಗಿಯೇ ನಡೆಯುತ್ತದೆ. ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಬಿಡಕಿ ಬಯಲಿನ ಸುತ್ತಲಿನ ರಸ್ತೆಗಳಿಗೆ ವಾಹನ ಬರುವುದಿಲ್ಲ, ನಿಲುಗಡೆ ಊರಂಚಿಗೆ ಸರಿಯುತ್ತದೆ, ಹೆಚ್ಚುವರಿ ಬಸ್ಸು ಓಡುತ್ತವೆ, ವೃದ್ಧರೂ ಮಕ್ಕಳೂ ಕಿಲೋಮೀಟರ್‌ಗಟ್ಟಲೆ ನಡೆಯುತ್ತಾರೆ. ಲಕ್ಷಾಂತರ ಜನರ ನಡುವೆ ಸಾಧ್ಯವಾದದ್ದು ಬೇರೆ ದಿನ ಒಂದು ಬೀದಿಯಲ್ಲಿ ಎರಡು ಗಂಟೆ ಸಾಧ್ಯವಿಲ್ಲ ಎಂದು ಯಾರೂ ಹೇಳಲಾರರು. ಜಾತ್ರೆಯ ದಿನದ ಗಾಳಿಯ ಅಳತೆಯನ್ನು ಮಾತ್ರ ಸಾಕ್ಷಿಗೆ ಬಳಸಬೇಡಿ, ಜನರ ಕಾಲ್ದೂಳಿ ಆ ಲೆಕ್ಕವನ್ನು ಕೆಡಿಸುತ್ತದೆ. ಪೊಲೀಸರ ಸಂಚಾರ ನಕ್ಷೆ ಮತ್ತು ಜಿಲ್ಲಾಡಳಿತದ ಆದೇಶದ ಪ್ರತಿಯನ್ನು ತೆಗೆದಿಟ್ಟುಕೊಂಡರೆ ಮುಂದಿನ ಮನವಿಗೆ ಅದೇ ಮಾದರಿಯಾಗುತ್ತದೆ.

ಕಾಗದ ಕೊಡುವ ಕಾಲ

ನಗರಸಭೆಗಳು ಆಯವ್ಯಯ ಮಂಡಿಸುವ ಮುನ್ನ ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತವೆ, ಅದು ಬಹುತೇಕ ಡಿಸೆಂಬರ್‌ನಿಂದ ಫೆಬ್ರುವರಿಯ ಒಳಗೆ ಇರುತ್ತದೆ. ನವೆಂಬರಿನಲ್ಲಿ ಎಣಿಕೆ ಮುಗಿಸಿದವರ ಕೈಯಲ್ಲಿ ಆ ಹೊತ್ತಿಗೆ ಅಂಕಿ ಸಿದ್ಧವಿರುತ್ತದೆ. ಸಭೆಯಲ್ಲಿ ಮಾತನಾಡಲು ಸಿಗುವುದು ಎರಡು ಮೂರು ನಿಮಿಷ. ಆದ್ದರಿಂದ ಜಾಗ, ಅಳತೆ, ಬೇಡಿಕೆ, ಅಂದಾಜು ಖರ್ಚು ಎಂಬ ನಾಲ್ಕನ್ನೇ ಹೇಳಿ, ಬರೆದ ಪ್ರತಿಯನ್ನು ಪೌರಾಯುಕ್ತರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಗಾಳಿ ಶುದ್ಧೀಕರಣ ಎಂಬ ಲೆಕ್ಕಶೀರ್ಷಿಕೆ ಸಣ್ಣ ಊರಿನ ಆಯವ್ಯಯದಲ್ಲಿ ಸಿಗಲಾರದು. ಅದೇ ಕೆಲಸವನ್ನು ಪಾದಚಾರಿ ಮಾರ್ಗ ದುರಸ್ತಿ, ಗಟಾರದ ಹೂಳು ಸಾಗಣೆ, ರಸ್ತೆಯಂಚಿನ ಕಲ್ಲುಹಾಸು ಎಂದು ಬರೆದರೆ ಶೀರ್ಷಿಕೆ ಇದ್ದೇ ಇರುತ್ತದೆ.

ಆದೇಶ ಬಂದ ಮೇಲೆ ಮೊದಲ ಎರಡು ವಾರ ಪ್ರತಿದಿನ ಅರ್ಧ ಗಂಟೆ ಆ ಜಾಗದಲ್ಲಿ ಒಬ್ಬರಾದರೂ ನಿಂತು ಏನಾಗುತ್ತಿದೆ ಎಂದು ಬರೆದಿಡಬೇಕು. ಎಂಜಿನ್ ನಿಲ್ಲಿಸಿ ಎಂದು ಚಾಲಕರಿಗೆ ಹೇಳುವಾಗ ಅಣ್ಣ, ಅಕ್ಕ ಎಂದು ಕರೆದು, ಮಕ್ಕಳ ಕಡೆ ಕೈ ತೋರಿಸಿದರೆ ಹೆಚ್ಚಿನವರು ಮಾತಿಲ್ಲದೆ ಕೀಲಿ ತಿರುಗಿಸುತ್ತಾರೆ. ನಮಗೆ ಅನುಭವವಾದದ್ದು ಹಾಗೆಯೇ. ಒಬ್ಬ ಆಟೊ ಚಾಲಕರು ಮೂರನೆಯ ದಿನ ತಾವೇ ಹಿಂದಿನ ಆಟೊದವರಿಗೆ ಸನ್ನೆ ಮಾಡಿ ಎಂಜಿನ್ ಆರಿಸಲು ಹೇಳಿದರು. ಆಮೇಲೆ ಮುಂದಿನ ನವೆಂಬರಿನಲ್ಲಿ ಅದೇ ವಾರ, ಅದೇ ಕಂಬದ ಪಕ್ಕ, ಅದೇ ಎಂಟು ಸಾಲಿನ ಹಾಳೆ ಹಿಡಿದು ಒಂಬತ್ತಕ್ಕೆ ಕಾಲು ಗಂಟೆ ಇರುವಾಗಲೇ ಹೋಗಿ ನಿಲ್ಲಿ, ಮೊದಲ ಶಾಲಾ ವ್ಯಾನ್ ಬರುವುದು ಆ ಹೊತ್ತಿಗೆ.